ಈರುಳ್ಳಿ ಸಿಪ್ಪೆಯ ಕೆಂಪು

ಏಣಿಯ ಮೇಲೆ ನಿಂತು ಪೀಚ್ ಮರದ ಹೀಚು ಬಿಡಿಸುತ್ತಿದ್ದ ಪ್ರಾನ್ವೆರಾಳ ಕೈ ಆ ಬೆಳಿಗ್ಗೆ ಪದೇಪದೇ ತಪ್ಪುತ್ತಿತ್ತು. ಗೇಣಿಗೊಂದು ಹೀಚು ಉಳಿಸಿ ಮಿಕ್ಕಿದ್ದನ್ನು ಕಿತ್ತು ಕೆಡವಬೇಕು, ಉಳಿದದ್ದು ದಪ್ಪಗಾಗಲಿ ಎಂದು. ಗಡಿ ದಾಟಿ ಗ್ರೀಸಿಗೆ ಬಂದ ಮೊದಲ ವಸಂತದಿಂದ ಮಾಡಿಕೊಂಡು ಬಂದ ಕೆಲಸ. ಕಣ್ಣು ಬೇರೆಲ್ಲೋ ಇದ್ದರೂ ಬೆರಳು ತನ್ನ ಪಾಡಿಗೆ ಮಾಡುತ್ತಿತ್ತು. ಇವತ್ತು ಮಾತ್ರ ಅದು ಒಳ್ಳೆಯ ಹೀಚನ್ನೇ ಹುಡುಕಿ ಕೀಳುತ್ತಿತ್ತು. ಹೀಚಿನ ಮೈಮೇಲಿನ ನವಿರು ಕತ್ತಿನೊಳಗೆ, ಮೊಣಕೈ ಸಂದಿಗೆ ಇಳಿದು ನವೆ ಎಬ್ಬಿಸಿತ್ತು. ದೂರದಲ್ಲಿ ವೆರ್ಮಿಯೋ ಬೆಟ್ಟದ ನೆತ್ತಿಯ ಮೇಲೆ ಹಿಮ ಇನ್ನೂ ಅಲ್ಲಲ್ಲಿ ಉಳಿದಿತ್ತು. ಕೆಳಗೆ ಬಿದ್ದ ಹೀಚುಗಳನ್ನು ತುಳಿಯುತ್ತ ತೋಟದ ಒಡತಿ ಡೊಮ್ನಾ ಬಂದು ಏಣಿಯ ಬುಡದಲ್ಲಿ ನಿಂತು ಮೇಲೆ ನೋಡಿದಳು.

“ಏ ವೇರಾ, ಉಳಿಸೋದನ್ನ ಕೀಳ್ತಿದ್ದೀಯ, ಕೀಳೋದನ್ನ ಉಳಿಸ್ತಿದ್ದೀಯ. ಕಣ್ಣು ಎಲ್ಲಿಟ್ಟಿದ್ದೀಯೇ?”

ಪ್ರಾನ್ವೆರಾ ಎಂಬ ಹೆಸರು ಈ ಮುದುಕಿಯ ನಾಲಿಗೆಗೆ ಯಾವತ್ತೂ ಹೊರಳಿರಲಿಲ್ಲ. ಮೊದಲ ದಿನವೇ ಅದರ ತಲೆ ಕತ್ತರಿಸಿ ವೇರಾ ಮಾಡಿಕೊಂಡಿದ್ದಳು. ಪ್ರಾನ್ವೆರಾ ಬೇಡ ಎನ್ನಲಿಲ್ಲ. ಕಾಗದಪತ್ರ ಇಲ್ಲದವರಿಗೆ ಹೆಸರು ಗಿಡ್ಡವಾಗಿದ್ದಷ್ಟೂ ಅನುಕೂಲ.

“ನೆನ್ನೆ ನೀವು ಹಾಗೆ ಹೇಳಿದ್ರಲ್ಲ ಡೊಮ್ನಮ್ಮ, ಅದೇ ತಲೇಲಿ ಕೊರೀತಿದೆ.”

“ನಾನೇನು ಹೇಳ್ದೆ? ನನ್ನ ಮೊಮ್ಮಗಳು ಕಂಡಿದ್ದನ್ನ ಹೇಳ್ದೆ. ಸ್ಕೂಲ್ ಬಿಟ್ಟ ಮೇಲೂ ನಿನ್ನ ಎಲ್ದಾ ಆ ಸ್ಮಾರೋ ಟೀಚರ್ ಕೋಣೇಲಿ ಕೂತಿರ್ತಾಳಂತೆ. ಅಳ್ತಾಳಂತೆ. ಅಷ್ಟೇ.” ಡೊಮ್ನಾ ಒಂದು ಹೀಚನ್ನು ಕಾಲ ತುದಿಯಿಂದ ಒತ್ತಿ ಒಡೆದಳು. “ಹೋಗಿ ಕೇಳು. ನಿನ್ನ ಮಗಳು ತಾನೇ? ಕದ್ದುಕೊಂಡು ಬಂದಿದ್ದಲ್ಲವಲ್ಲ.”

ನಿನ್ನೆ ಊಟದ ಹೊತ್ತಿಗೆ ಪ್ರಾನ್ವೆರಾ ಕೇಳಿಯೂ ಇದ್ದಳು. ಹುರುಳಿಕಾಯಿ ಸಾರಿಗೆ ಬ್ರೆಡ್ ಅದ್ದಿ ತಿನ್ನುತ್ತಿದ್ದ ಎಲ್ದಾ ತಲೆ ಎತ್ತದೆ “ಏನೂ ಇಲ್ಲ” ಅಂದಿದ್ದಳು. ಗಂಡ ಸೋತಿರ್ ನಕ್ಕು, “ಬಿಡೇ. ಅಲ್ಲಿ ಆಲ್ಬೇನಿಯಾದಲ್ಲಿ ಕಮ್ಯುನಿಸ್ಟ್ ಪಾರ್ಟಿ ಇತ್ತು, ಇಲ್ಲಿ ಟೀಚರಮ್ಮ ಇದ್ದಾಳೆ. ನಮಗೆ ಎಲ್ಲಿ ಹೋದ್ರೂ ಹೆರೋ ಕೆಲಸ ಒಂದೇ,” ಎಂದ. ಎಲ್ದಾ ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು. ಬಾಗಿಲನ್ನು ಬಡಿದು ಮುಚ್ಚಿದ್ದರೆ ಜಗಳವಾದರೂ ಆಡಬಹುದಿತ್ತು. ಸದ್ದಾಗದ ಹಾಗೆ ಮುಚ್ಚಿದಳು. ಆ ಸದ್ದಿಲ್ಲದಿರುವಿಕೆ ಪ್ರಾನ್ವೆರಾಳಿಗೆ ಗೊತ್ತಿದ್ದದ್ದೇ, ಎಲ್ಲಿಯದು ಎಂದು ಮಾತ್ರ ಆಗ ಹೊಳೆಯಲಿಲ್ಲ.

ಈಸ್ಟರ್ ರಜೆಗೆ ಮುಂಚಿನ ಕೊನೆಯ ದಿನ ಇವತ್ತು. ಇವತ್ತು ಬಿಟ್ಟರೆ ಎರಡು ವಾರ ಟೀಚರ್ ಸಿಗುವುದಿಲ್ಲ. ಮಧ್ಯಾಹ್ನಕ್ಕೆ ಮೊದಲೇ ಪ್ರಾನ್ವೆರಾ ಏಣಿ ಇಳಿದು, ಕೈ ತೊಳೆದು, ತಲೆಯ ಬಟ್ಟೆ ಕೊಡವಿ ಕಟ್ಟಿಕೊಂಡು ಹೊರಟಳು. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಗ್ರೀಕ್ ಭಾಷೆಯಲ್ಲಿ ಜೋಡಿಸಿಕೊಂಡಳು. ಹೆತ್ತವಳಿಗೆ ಒಂದು ಹಕ್ಕು ಅಂತ ಇಲ್ಲವೇ? ಇದೆ. ಅದಿಲ್ಲದ ಕಡೆ ಹುಟ್ಟಿದ್ದಕ್ಕೇ ಅದರ ತೂಕ ತನಗೆ ಗೊತ್ತು. ಆಲ್ಬೇನಿಯಾದ ಆ ಬಯಲುಸೀಮೆಯ ಸಹಕಾರಿ ಜಮೀನಿನ ಹಳ್ಳಿಯಲ್ಲಿ ಚರ್ಚನ್ನು ಗೋಧಿಯ ಗೋದಾಮು ಮಾಡಿದ್ದರು. ದೇವರ ಹೆಸರೆತ್ತಿದರೆ ಜೈಲು. ಈಸ್ಟರ್ ಕಳೆದ ಮಾರನೆಯ ದಿನ ಶಾಲೆಯಲ್ಲಿ ಕಾಮ್ರೇಡ್ ಫಿಕಿರೇತೆ ಬೆಂಚಿನಿಂದ ಬೆಂಚಿಗೆ ಬರುತ್ತಿದ್ದಳು. ಕೈ ಚಾಚಿ ಮಕ್ಕಳೇ. ಅಂಗೈ ಅಲ್ಲ, ಉಗುರು. ಹಬ್ಬಕ್ಕೆಂದು ಮೊಟ್ಟೆಗೆ ಹಾಕಿದ ಕೆಂಪು ಬಣ್ಣ ಉಗುರಿನ ಸಂದಿಯಲ್ಲಿ ಉಳಿಯುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಮಕ್ಕಳೆಲ್ಲರ ಕೊರಳಲ್ಲೂ ಪಾರ್ಟಿಯ ಕೆಂಪು ಸ್ಕಾರ್ಫ್ ಇತ್ತು. ಕೊರಳಿನ ಕೆಂಪಿಗೆ ಅಡ್ಡಿಯಿರಲಿಲ್ಲ, ಉಗುರಿನ ಕೆಂಪಿಗೆ ಇತ್ತು. ಪ್ರಾನ್ವೆರಾ ತನ್ನ ಕೈಯನ್ನು ಎಲ್ಲರಿಗಿಂತ ಮುಂದೆ ಚಾಚುತ್ತಿದ್ದಳು. ಬಿಳಿಯ, ಚೊಕ್ಕ ಉಗುರುಗಳು. “ಶಾಬಾಶ್, ಲಾಂಬಿಯ ಮಗಳು,” ಎನ್ನುತ್ತಿದ್ದಳು ಫಿಕಿರೇತೆ. ಆಮೇಲೆ ಬಗ್ಗಿ, ಬಾಯಿಂದ ಕಾಫಿಯ ವಾಸನೆ ಬರುವಷ್ಟು ಹತ್ತಿರ ಬಗ್ಗಿ, ಪ್ರತಿ ಮಗುವಿನ ಕಿವಿಯಲ್ಲೂ ಒಂದೇ ಮಾತು: “ಯಾರ ಮನೇಲಿ ಮೊಟ್ಟೆ ಬೇಯಿಸಿದ್ರು? ನನಗೊಬ್ಬಳಿಗೇ ಹೇಳು. ಯಾರು ಹೇಳಿದ್ದು ಅಂತ ಯಾರಿಗೂ ಗೊತ್ತಾಗಲ್ಲ.” ಒಂದು ವರ್ಷ ಪಕ್ಕದ ಬೆಂಚಿನ ವಿತೋಳ ಉಗುರಿನಲ್ಲಿ ತೆಳ್ಳಗೆ ಕೆಂಪು ಇತ್ತು. ಸಂಜೆ ಅವಳಪ್ಪ, ಹೇಸರಗತ್ತೆ ಗಾಡಿಯವನು, ಗೋದಾಮಿನ ಅಂಗಳದಲ್ಲಿ ಊರವರ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತು ತನ್ನನ್ನು ತಾನೇ ಬೈದುಕೊಂಡ. ವಾರ ಕಳೆಯುವುದರೊಳಗೆ ಶಿಕ್ಷೆಯಾಗಿ ಜೌಗು ತೋಡುವ ಕೆಲಸಕ್ಕೆ ಹೋದ. ಪ್ರಾನ್ವೆರಾ ಅದನ್ನು ನೋಡುತ್ತ ತನ್ನ ಚೊಕ್ಕ ಕೈಗಳನ್ನು ಕಂಕುಳಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದಳು. ನಮ್ಮ ಮನೆಯಲ್ಲಿ ಇಂಥದ್ದಿಲ್ಲ.

ಶಾಲೆ ಬಿಟ್ಟು ಕಾರಿಡಾರು ಖಾಲಿಯಾಗಿತ್ತು. ಸ್ಮಾರೋ ಟೀಚರ್ ಕಿಟಕಿಯ ಹತ್ತಿರ ಕೂತು ಜೆರೇನಿಯಂ ಕುಂಡದಿಂದ ಒಣಗಿದ ಎಲೆ ಕೀಳುತ್ತಿದ್ದಳು. ತನಗಿಂತ ಚಿಕ್ಕವಳು. ಅದೂ ಯಾಕೋ ಚುಚ್ಚಿತು.

“ಎಲ್ದಾಳ ಅಮ್ಮ ಅಲ್ವಾ? ಬನ್ನಿ, ಕೂತ್ಕೊಳ್ಳಿ.”

“ಬೇಡ ಟೀಚರ್. ತೋಟದಿಂದ ಹಾಗೇ ಬಂದೆ, ಬಟ್ಟೆಗೆಲ್ಲ ಹೀಚಿನ ನವಿರು ಅಂಟಿದೆ.”

“ಕುರ್ಚಿ ತಾನೇ, ಒರೆಸಿದ್ರಾಯ್ತು.”

ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು. ಕುರ್ಚಿಯ ತುದಿಯಲ್ಲಿ ಕೂತು ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡ ಪ್ರಾನ್ವೆರಾಳಿಗೆ, ತಾನು ಎದ್ದು ಹೋದ ಮೇಲೆ ಈಕೆ ಬಟ್ಟೆ ಹಿಡಿದು ಕುರ್ಚಿ ಒರೆಸುವ ಚಿತ್ರ ಕಣ್ಣಿಗೆ ಕಟ್ಟಿ, ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಚದುರಿಹೋಯಿತು.

“ನನ್ನ ಮಗಳು ನಿಮ್ಮ ಹತ್ರ ಏನು ಹೇಳ್ಕೊಂಡು ಅಳ್ತಾಳೆ?”

ಸ್ಮಾರೋ ಒಣ ಎಲೆಗಳನ್ನು ಅಂಗೈಯಲ್ಲಿ ಗುಡ್ಡೆ ಮಾಡಿದಳು. “ಅವಳ ಜೀವಕ್ಕೆ, ಮೈಗೆ ಏನಾದ್ರೂ ಅಪಾಯ ಇರೋ ವಿಷಯ ಆಗಿದ್ರೆ ನಾನೇ ನಿಮ್ಮನೆ ಬಾಗಿಲು ತಟ್ತಿದ್ದೆ. ಅಂಥದ್ದಲ್ಲ.”

“ಹಂಗಾದ್ರೆ ಹೇಳೋಕೆ ಏನು ಕಷ್ಟ?”

“ಅಮ್ಮಂಗೆ ಹೇಳ್ಬೇಡಿ ಅಂದಿದ್ದಾಳೆ.”

“ಬೇಡ ಅನ್ನೋಕೆ ಅವಳ್ಯಾರು? ಹದಿನಾರರ ಹುಡುಗಿ. ಹೆತ್ತೋಳು ನಾನು!” ದನಿ ತಾನಾಗಿ ಏರಿತು, ಏರಿದಂತೆ ಗ್ರೀಕ್ ವ್ಯಾಕರಣ ಕೈಕೊಟ್ಟಿತು. “ಟೀಚರ್, ನಾನು ಬೆಳೆದ ಕಡೆ ಮಕ್ಕಳು ಅಪ್ಪ-ಅಮ್ಮಂದಲ್ಲ, ಸರ್ಕಾರದ್ದು. ಮನೇಲಿ ಏನು ಬೇಯಿಸಿದ್ರು, ಅಪ್ಪ ರಾತ್ರಿ ಯಾವ ರೇಡಿಯೋ ಹಾಕ್ದ, ಎಲ್ಲಾ ಸ್ಕೂಲಲ್ಲಿ ಕೇಳೋರು. ಅಪ್ಪಂಗೆ ತನ್ನ ಮಗಳ ಹತ್ರ ಏನು ಮಾತಾಡ್ಬೇಕು ಅನ್ನೋ ಹಕ್ಕು ಕೂಡ ಇರ್ಲಿಲ್ಲ. ಬೆಟ್ಟ ಹತ್ತಿ ಇಳಿದು ಇಲ್ಲಿಗೆ ಬಂದಿದ್ದು ನನ್ನ ಮಗೂನ ನಾನೇ ಬೆಳೆಸ್ಬೇಕು ಅಂತ. ಇಲ್ಲೂ ಒಬ್ರು ಟೀಚರ್ ಅವಳನ್ನ ಕೂರಿಸ್ಕೊಂಡು ಬಾಯಿ ಬಿಡಿಸ್ತಾರೆ ಅಂದ್ರೆ ನಾನು ಏನು ತಿಳ್ಕೋಬೇಕು? ನೀವೇ ಹೇಳಿ.”

“ನಾನು ಬಾಯಿ ಬಿಡಿಸ್ಲಿಲ್ಲ ಕಣ್ರೀ.” ಸ್ಮಾರೋ ಕೋಪ ಮಾಡಿಕೊಳ್ಳಲಿಲ್ಲ. “ಅವಳೇ ಬಂದು ಆ ಬಾಗಿಲಲ್ಲಿ ನಿಂತ್ಕೊಳ್ತಿದ್ಲು. ತುಂಬಾ ದಿನ ಬರೀ ನಿಂತು ಹೋಗ್ತಿದ್ಲು. ಏನಮ್ಮಾ, ಯಾಕೆ ಬಂದೆ ಅಂತ ಕೇಳಿದ್ರೆ, ಗೊತ್ತಿಲ್ಲ ಅನ್ನೋಳು.”

ಗೊತ್ತಿಲ್ಲ. ಆ ಮಾತನ್ನು ಕಲಿಸಿದವಳು ತಾನೇ. ಕಾಗದಪತ್ರ ಇಲ್ಲದ ವರ್ಷಗಳಲ್ಲಿ, ಎಲ್ದಾಳ ಜಡೆ ಹೆಣೆಯುತ್ತ ದಿನಾ ಬೆಳಿಗ್ಗೆ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಅಪ್ಪ ಎಲ್ಲಿ ಕೆಲಸ ಮಾಡ್ತಾನೆ? ಗೊತ್ತಿಲ್ಲ. ಮನೇಲಿ ಯಾವ ಭಾಷೆ ಮಾತಾಡ್ತೀರ? ಗೊತ್ತಿಲ್ಲ. ರಾತ್ರಿ ಏನು ಊಟ? ಅದು ಹೇಳಿದ್ರೆ ಏನಮ್ಮಾ, ಎಂದಿತ್ತು ಮಗು. ಅದೂ ಗೊತ್ತಿಲ್ಲ ಅನ್ನು, ಒಂದಕ್ಕೆ ಬಾಯಿ ತೆರೆದ್ರೆ ಇನ್ನೊಂದೂ ಹಿಂದೇನೇ ಬರತ್ತೆ. ಒಂದನೇ ತರಗತಿಯಲ್ಲಿ ಜಾರುಬಂಡಿಯಿಂದ ಬಿದ್ದು ಮಣಿಕಟ್ಟು ಮುರಿದಿತ್ತು. ಎಲ್ಲಿ ನೋವು ಎಂದು ಟೀಚರ್, ಆಯಾ, ಎಲ್ಲರೂ ಕೇಳಿದ್ದಾರೆ. ಗೊತ್ತಿಲ್ಲ, ಗೊತ್ತಿಲ್ಲ. ಸಂಜೆ ಮನೆಗೆ ಬಂದು ಊದಿದ ಕೈಯನ್ನು ಸ್ವೆಟರಿನ ತೋಳಿನಿಂದ ಹೊರಕ್ಕೆ ತೆಗೆದಾಗ ಪ್ರಾನ್ವೆರಾಳಿಗೆ ಕರುಳು ಕಿತ್ತು ಬಂದಿತ್ತು ನಿಜ. ಆದರೆ ಅದರ ಅಡಿಯಲ್ಲೇ ಒಂದು ಹೆಮ್ಮೆಯೂ ಇತ್ತು. ನನ್ನ ಮಗಳು ಗಟ್ಟಿ. ಇವಳ ಬಾಯಿಂದ ಯಾರೂ ಏನೂ ತೆಗೆಯಲಾರರು. ಯಾರೂ ಎಂಬುದರಲ್ಲಿ ತಾನೂ ಸೇರಿದ್ದೇನೆ ಎಂಬುದು ಆಗ ತಲೆಗೆ ಹೋಗಿರಲಿಲ್ಲ.

ಈಗ ಹೋಯಿತೋ ಇಲ್ಲವೋ. ಕಂಡದ್ದು ಇಷ್ಟೇ: ಎದುರಿಗೆ ಕೂತ ಈ ಹೆಂಗಸಿನ ಒಳಗೆ ತನ್ನ ಮಗಳ ಮಾತು ಇದೆ, ಒಂದು ಮೇಜಿನ ಅಂತರದಲ್ಲಿ, ತನಗೆ ಸೇರಬೇಕಾದದ್ದು. ಮೇಜಿನ ಕೆಳಗಿನ ಕೈಗಳು ಮೇಲೆ ಬಂದವು. ಅವಳು ಬಗ್ಗಿದಳು. ಜೋರು ಮಾಡಿದರೆ ಸಿಗದ್ದು ಮೆಲ್ಲಗೆ ಕೇಳಿದರೆ ಸಿಕ್ಕೀತು ಎಂದು ದನಿ ಇಳಿಸಿದಳು.

“ನನಗೊಬ್ಬಳಿಗೇ ಹೇಳಿ ಟೀಚರ್. ಯಾರು ಹೇಳಿದ್ದು ಅಂತ ಅವಳಿಗೆ ಗೊತ್ತಾಗಲ್ಲ.”

ಮಾತು ಬಾಯಿಂದ ಹೊರಬಿದ್ದ ಮೇಲೆ ಅದನ್ನು ಕೇಳಿಸಿಕೊಂಡಳು. ಬೇರೆ ಭಾಷೆ, ಬೇರೆ ದೇಶ, ಆದರೂ ಕಾಫಿಯ ವಾಸನೆ ಸಮೇತ ಅದೇ ಮಾತು. ಬೆನ್ನಿನ ಎಲುಬು ಅದೇ ಕೋನದಲ್ಲಿ ಬಗ್ಗಿತ್ತು. ಸ್ಮಾರೋ ಅವಳನ್ನು ನೋಡುತ್ತಿರಲಿಲ್ಲ, ಅವಳ ಹಿಂದಕ್ಕೆ ನೋಡುತ್ತಿದ್ದಳು. ತಿರುಗಿದರೆ, ಬಾಗಿಲಲ್ಲಿ ಎಲ್ದಾ. ಹೆಗಲಿಗೆ ಚೀಲ. ತಾನು ದಿನಾ ಬಂದು ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದಳೇನೋ.

“ಎಲ್ದಾ, ಒಳಗೆ ಬಾಮ್ಮ. ನಾನೇನೂ—” ಎಂದು ಸ್ಮಾರೋ ಎದ್ದಳು.

“ಬೇಡ ಟೀಚರ್. ಹ್ಯಾಪಿ ಈಸ್ಟರ್,” ಎಂದಳು ಹುಡುಗಿ, ತುಂಬ ಮರ್ಯಾದೆಯಿಂದ.

ಮನೆಯ ದಾರಿಯಲ್ಲಿ ಇಬ್ಬರೂ ಕಾಲುವೆಯ ಏರಿಯ ಮೇಲೆ ಹಿಂದೆ ಮುಂದೆ ನಡೆದರು. ಎಲ್ದಾಳ ಜಡೆ ಚೀಲದ ಮೇಲೆ ಆಚೀಚೆ ಆಡುತ್ತಿತ್ತು. ಏನೋ ಒಂದು ಹೇಳಬೇಕಿತ್ತು. ಪ್ರಾನ್ವೆರಾಳಿಗೆ ಬಂದದ್ದೆಲ್ಲ ಪ್ರಶ್ನೆಗಳೇ. ಹುಡುಗನೇ? ಯಾರಾದರೂ ಆಲ್ಬೇನಿಯಾದವಳು ಅಂತ ಹಂಗಿಸಿದರೇ? ಓದು ಬೇಡವೇ? ನಾನೇ? ಕೊನೆಯ ಪ್ರಶ್ನೆ ಬಂದಾಗ ಅವಳು ಹೆಜ್ಜೆ ನಿಧಾನ ಮಾಡಿದಳು. ಅಷ್ಟರಲ್ಲಿ ಎಲ್ದಾ ತಿರುಗದೆಯೇ ಕೇಳಿದಳು.

“ಅವ್ರು ಹೇಳಿದ್ರಾ?”

“ಇಲ್ಲ ಕಣೇ. ಆಣೆಗೂ ಇಲ್ಲ.”

“ಹೇಳಿದ್ರೂ ನೀನು ಇಲ್ಲ ಅಂತ್ಲೇ ಅಂತೀಯ. ಹಾಗೇ ತಾನೇ ನೀನು ಮಾತು ಕೊಟ್ಟಿದ್ದು?”

ಇನ್ನು ಮುಂದೆ ತಾನು ಸತ್ಯ ಹೇಳಿದರೂ ಅದು ಸುಳ್ಳಿನ ಅಂಗಿಯನ್ನೇ ಹಾಕಿಕೊಂಡು ಹೋಗಿ ಮಗಳ ಮುಂದೆ ನಿಲ್ಲಬೇಕು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆ ಟೀಚರನ್ನೂ ತನ್ನ ಜೊತೆಗೆ ಎಳೆದುಕೊಂಡು ಬಿದ್ದಿದ್ದಳು. ಸೋಮವಾರ ಸಂಜೆ ಎಲ್ದಾಳ ಫೋನು ಅಡುಗೆಮನೆಯ ಮೇಜಿನ ಮೇಲೆ ಬಡಿದುಕೊಂಡಿತು, ಸ್ಮಾರೋ ಎಂಬ ಹೆಸರು ಬೆಳಗಿತು, ಎಲ್ದಾ ಅದನ್ನು ನೋಡುತ್ತ ಸುಮ್ಮನೆ ಸೌತೆಕಾಯಿ ಹೆಚ್ಚಿದಳು. ಮಂಗಳವಾರ ಮತ್ತೆ ಬಡಿದುಕೊಂಡಿತು. ಬುಧವಾರ ಇಲ್ಲ. ಇಡೀ ಊರಿನಲ್ಲಿ ಆ ಹುಡುಗಿ ಬಾಯಿ ತೆರೆಯಲು ಒಂದು ಕೋಣೆ ಇತ್ತು. ಹಕ್ಕು ಕೇಳಲು ಹೋದವಳು ಅದಕ್ಕೆ ಬೀಗ ಹಾಕಿ ಬಂದಿದ್ದಳು.

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ತೋಟಕ್ಕೆ ರಜೆ. ಊರಿನ ಎಲ್ಲಾ ಮನೆಗಳಲ್ಲೂ ಮೊಟ್ಟೆಗೆ ಬಣ್ಣ ಹಾಕುವ ದಿನ. ಬೆಳಿಗ್ಗೆ ಡೊಮ್ನಾ ತನ್ನ ಕೋಳಿಗಳ ಮೊಟ್ಟೆ ತಂದು ಕೊಟ್ಟು, ಒಲೆಯ ಮೇಲಿನ ಪಾತ್ರೆಗೆ ಮೂಗು ಚಾಚಿದಳು.

“ಮತ್ತೆ ಈರುಳ್ಳಿ ಸಿಪ್ಪೇನಾ? ಅಂಗಡೀಲಿ ಪುಡಿ ಸಿಗತ್ತಲ್ಲೇ, ಕುಂಕುಮದ ಹಾಗೆ ಬರತ್ತೆ. ನಿಂದು ಇಟ್ಟಿಗೆ ಬಣ್ಣ. ದೇವರು ಎದ್ದು ಬರೋ ಹೊತ್ತಿಗೆ ಇಟ್ಟಿಗೆ ಕೊಡ್ತೀಯಾ ಅವನ ಕೈಗೆ?”

“ನಮ್ಮ ಕಡೆ ದೇವರು ಬಹಳ ವರ್ಷ ಇಟ್ಟಿಗೆ ಹಿಂದೇನೇ ಇದ್ದ ಡೊಮ್ನಮ್ಮ,” ಎಂದಳು ಪ್ರಾನ್ವೆರಾ. ಮುದುಕಿ ತಮಾಷೆ ಎಂದುಕೊಂಡು ನಕ್ಕು ಹೋದಳು.

ತಮಾಷೆಯಲ್ಲ. ಸರ್ಕಾರ ಬಿದ್ದ ವರ್ಷದ ಮೊದಲ ಬಹಿರಂಗ ಈಸ್ಟರ್‌ನಲ್ಲಿ ಅಪ್ಪ ಲಾಂಬಿ ಒಲೆಯ ಚಿಮಣಿಯ ಪಕ್ಕದ ಒಂದು ಇಟ್ಟಿಗೆಯನ್ನು ಹೊರಕ್ಕೆ ಎಳೆದಿದ್ದ. ಹಿಂದಿನ ಪೊಟರೆಯಲ್ಲಿ ಮೊಟ್ಟೆಗಳು. ಪವಿತ್ರ ಗುರುವಾರ ಮೊದಲು ಬಣ್ಣಕ್ಕೆ ಬಿದ್ದ ಮೊಟ್ಟೆಯನ್ನು ತಿನ್ನಬಾರದು, ಮನೆಯ ಕಾವಲಿಗೆ ವರ್ಷಪೂರ್ತಿ ಇಡಬೇಕು. ಅವನು ಪ್ರತಿ ವರ್ಷದ್ದನ್ನೂ ಇಟ್ಟಿದ್ದ. ಒಣಗಿ, ತೂಕವೇ ಇಲ್ಲದೆ, ಅಲ್ಲಾಡಿಸಿದರೆ ಒಳಗೆ ಏನೋ ಗುಲಗಂಜಿಯಂತೆ ಸದ್ದು ಮಾಡುವ ಕಂದುಕೆಂಪು ಮೊಟ್ಟೆಗಳು. ಹದಿನೇಳರ ಪ್ರಾನ್ವೆರಾಳ ಅಂಗೈಯಲ್ಲಿ ಒಂದನ್ನು ಇಟ್ಟ. ತಾನು ಚೊಕ್ಕ ಕೈ ಚಾಚಿದ ಪ್ರತಿ ವರ್ಷವೂ ತಾನು ಮಲಗಿದ ಮೇಲೆ ಈ ಮನೆಯಲ್ಲಿ ಈಸ್ಟರ್ ಆಗುತ್ತಿತ್ತು. ಅಪ್ಪ, ಅಮ್ಮ ಕತ್ತಲಲ್ಲಿ ಮೊಟ್ಟೆ ತಿಂದು ಸಿಪ್ಪೆಯನ್ನು ಕೋಳಿಗೂಡಿನ ಅಡಿಯಲ್ಲಿ ಹೂಳುತ್ತಿದ್ದರು. “ನಂಗೆ ಯಾಕೆ ಒಂದೂ ಕೊಡ್ಲಿಲ್ಲ?” ಎಂದು ಕೇಳಿದ್ದಳು. “ಕೊಟ್ಟಿದ್ರೆ ಹೆದರಿಕೇನೂ ಜೊತೇಲೇ ಕೊಡಬೇಕಾಗಿತ್ತು ಮಗಾ,” ಎಂದ ಅಪ್ಪ. “ಈ ಮನೇಲಿ ಒಬ್ಬಳಾದ್ರೂ ನೆಮ್ಮದಿಯಾಗಿ ನಿದ್ದೆ ಮಾಡ್ಲಿ ಅಂತ.” ಅವಳಿಗೆ ಅದು ಕೇಳಿಸಲಿಲ್ಲ. ನನ್ನನ್ನು ನಂಬಲಿಲ್ಲ ಎಂಬುದಷ್ಟೇ ಕೇಳಿಸಿತು. ಮೊಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ಆ ಶರತ್ಕಾಲದಲ್ಲಿ ಸೋತಿರ್ ಜೊತೆ ಬೆಟ್ಟ ದಾಟಿದಳು. ಅಪ್ಪ ಸತ್ತ ಸುದ್ದಿ ಬಂದಾಗ ಎಲ್ದಾ ಹಾಲು ಕುಡಿಯುವ ಮಗು. ಕಾಗದಪತ್ರವಿಲ್ಲದೆ ಹೋದರೆ ಮರಳಿ ಬರುವಂತಿರಲಿಲ್ಲ. ಹೋಗಲಿಲ್ಲ.

ಊಟವಾಗಿ ಊರೆಲ್ಲ ಮಧ್ಯಾಹ್ನದ ನಿದ್ದೆಗೆ ಜಾರಿತ್ತು. ಸೋತಿರ್ ಹಜಾರದಲ್ಲಿ ಗೊರಕೆ ಹೊಡೆಯುತ್ತಿದ್ದ. ಪ್ರಾನ್ವೆರಾ ಸಿಪ್ಪೆಯ ನೀರಿಗೆ ವಿನೆಗರ್ ಹಾಕಿ ಮೊದಲ ಮೊಟ್ಟೆಯನ್ನು ಇಳಿಬಿಟ್ಟಳು. ಬೆಂದ ಸಿಪ್ಪೆಯ ಸಿಹಿ ಕಮಟು ಹಬೆಯೊಂದಿಗೆ ಮುಖಕ್ಕೆ ಬಂತು. ಪ್ರತಿ ವರ್ಷ ಬರುವ ವಾಸನೆ. ಇವತ್ತು ಮಾತ್ರ ಅದರ ಹಿಂದೆ ಇನ್ನೊಂದು ವಸ್ತು ಇತ್ತು: ಒರಟು ಉಣ್ಣೆಯ ಹೊದಿಕೆ, ಗಲ್ಲಕ್ಕೆ ಚುಚ್ಚುತ್ತಿರುವುದು. ಬೆಳಗಿನ ಜಾವ. ಅವಳಿಗೆ ಎಂಟೋ ಒಂಬತ್ತೋ ವರ್ಷ. ಇದೇ ವಾಸನೆ. ಸಿಪ್ಪೆ ಒಡೆಯುವ ಸಣ್ಣ ಸದ್ದು, ಅಮ್ಮನ ಪಿಸುಮಾತು, “ಅವಳಿಗೂ ಒಂದು ಕೊಡ್ಬಾರ್ದಾ.” ನೆಲದ ಮೇಲೆ ಅಪ್ಪನ ಬರಿಗಾಲು. ಬಂದು ಹಾಸಿಗೆಯ ಪಕ್ಕದಲ್ಲಿ ನಿಂತ. ಕೈಯಲ್ಲಿ ಏನೋ ದುಂಡಗೆ ಇತ್ತು ಎಂದು ಅವಳಿಗೆ ಗೊತ್ತಿತ್ತು. ರೆಪ್ಪೆಯ ಸಂದಿಯಿಂದ ನೋಡಿದ್ದಳು. ನೋಡಿ, ಕಣ್ಣನ್ನು ಬಿಗಿದು ಮುಚ್ಚಿದಳು. ಕೊಡಬೇಡಪ್ಪ, ನಾಳೆ ನಾನು ಕೈ ಚಾಚಬೇಕು. ಅಪ್ಪ ಬಹಳ ಹೊತ್ತು ನಿಂತಿದ್ದ. ಆಮೇಲೆ ಹೊದಿಕೆಯನ್ನು ಗಲ್ಲದವರೆಗೆ ಎಳೆದು ಸರಿಮಾಡಿ ಹೋದ.

ಅವಳು ಒಲೆ ಆರಿಸಿದಳು. ಇಷ್ಟು ವರ್ಷ ಈ ನೆನಪು ಎಲ್ಲಿತ್ತು, ಯಾವ ಇಟ್ಟಿಗೆಯ ಹಿಂದೆ? ಎಚ್ಚರವಾಗಿದ್ದ ಮಗುವಿನ ರೆಪ್ಪೆ ಹೇಗೆ ಅದುರುತ್ತದೆ ಎಂದು ಯಾವ ಅಪ್ಪನಿಗೆ ತಿಳಿಯುವುದಿಲ್ಲ? ತಿಳಿದೇ ನಿಂತಿದ್ದ. ತಿಳಿದೇ ಹೋದ. ತಿಳಿದೂ ಚಿಮಣಿಯ ಮುಂದೆ, ನೀನು ಅವತ್ತು ಎಚ್ಚರ ಇದ್ದೆಯಲ್ಲ ಮಗಾ ಎಂದು ಒಂದು ಮಾತು ಆಡಲಿಲ್ಲ. ನೆಮ್ಮದಿಯಾಗಿ ನಿದ್ದೆ ಮಾಡಲಿ ಅಂತ ಎಂದು ತಪ್ಪನ್ನೆಲ್ಲ ತನ್ನ ಕಡೆಗೇ ಎಳೆದುಕೊಂಡ. ಆ ಮಾತಿಗೆ ಬೆನ್ನು ಹಾಕಿ ಬಂದವಳು ಇಲ್ಲಿ ಪರದೇಶದ ಟೀಚರ ಎದುರು, ನಮ್ಮಪ್ಪನಿಗೆ ಹಕ್ಕು ಇರಲಿಲ್ಲ ಎಂದು ಭಾಷಣ ಮಾಡಿದಳು.

ಮೊದಲ ಮೊಟ್ಟೆಯನ್ನು ಚಮಚದಿಂದ ಎತ್ತಿ, ಆರುವ ಮೊದಲೇ ಕೈಗೆ ತೆಗೆದುಕೊಂಡು ಎಲ್ದಾಳ ಕೋಣೆಯ ಬಾಗಿಲು ನೂಕಿದಳು. ಕಿಟಕಿಯ ಪಟ್ಟಿಗಳಿಂದ ಬಿಸಿಲು ಗೀಟು ಗೀಟಾಗಿ ಮಂಚದ ಮೇಲೆ ಬಿದ್ದಿತ್ತು. ಎಲ್ದಾ ಗೋಡೆಗೆ ಬೆನ್ನು ಹಾಕಿ ಮಲಗಿದ್ದಳು. ಕಣ್ಣು ಮುಚ್ಚಿತ್ತು. ರೆಪ್ಪೆ ಅದುರುತ್ತಿತ್ತು. ಮೊಟ್ಟೆಯಿಂದ ಒಂದು ಹನಿ ಪ್ರಾನ್ವೆರಾಳ ಮಣಿಕಟ್ಟಿನ ಮೇಲೆ ಇಳಿದು ತೋಳಿನೊಳಗೆ ಹೋಯಿತು. ಒಂದು ಮಾತು ಕೇಳಿಬಿಡಬಹುದು. ಈಗ, ಈ ಗಳಿಗೆಯಲ್ಲಿ ಮೆಲ್ಲಗೆ ಕೇಳಿದರೆ ಬಹುಶಃ ಬಾಯಿ ತೆರೆದಾಳು.

“ಕೇಳೋಕೆ ಬಂದಿಲ್ಲ,” ಎಂದಳು. “ಇದು ಮೊದಲನೇದು. ನಿನ್ನ ಹತ್ರ ಇರ್ಲಿ.”

ರೆಪ್ಪೆಯ ಅದುರು ನಿಂತಿತು. ಕಣ್ಣು ತೆರೆಯಲಿಲ್ಲ. ಪ್ರಾನ್ವೆರಾ ಮೊಟ್ಟೆಯನ್ನು ದಿಂಬಿನ ಪಕ್ಕದ ಸ್ಟೂಲಿನ ಮೇಲೆ, ಉರುಳದ ಹಾಗೆ ಕೈಗಡಿಯಾರದ ಪಟ್ಟಿಯ ನಡುವೆ ಇಟ್ಟು, ಬಾಗಿಲನ್ನು ತೆರೆದೇ ಬಿಟ್ಟು ಅಡುಗೆಮನೆಗೆ ಬಂದಳು. ಒಲೆ ಹಚ್ಚಿ ಮಿಕ್ಕ ಮೊಟ್ಟೆಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟಳು. ಅಪ್ಪನಿಗೆ ಹೇಳಬೇಕಾದ್ದು ಈಗ ಯಾರಿಗೂ ಹೇಳುವಂತಿರಲಿಲ್ಲ.

ಕೊನೆಯ ಮೊಟ್ಟೆಗಳು ಬಟ್ಟೆಯ ಮೇಲೆ ಆರುತ್ತಿದ್ದಾಗ ಎಲ್ದಾ ಬರಿಗಾಲಲ್ಲಿ ಬಂದು ನಲ್ಲಿಯಿಂದ ಒಂದು ಲೋಟ ನೀರು ಹಿಡಿದಳು. ಪ್ರಾನ್ವೆರಾಳ ಕಣ್ಣು, ಚಿಕ್ಕಂದಿನಲ್ಲಿ ಕಲಿತ ಪಾಠದಂತೆ, ಮುಖಕ್ಕೆ ಹೋಗದೆ ನೇರ ಕೈಗೆ ಹೋಯಿತು. ಲೋಟ ಹಿಡಿದ ಬೆರಳುಗಳ ತುದಿ ಕೆಂಪಾಗಿತ್ತು. ಉಗುರಿನ ಸಂದಿಯಲ್ಲಿ ತೆಳ್ಳಗೆ, ಇಟ್ಟಿಗೆಯ ಬಣ್ಣ.

ಅಮ್ಮ ನೋಡಿದ್ದನ್ನು ಎಲ್ದಾ ನೋಡಿದಳು. ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಮೊಟ್ಟೆ ಇನ್ನೂ ಒದ್ದೆ ಇತ್ತು,” ಎಂದಳು.

“ಹೂಂ,” ಎಂದು ಪ್ರಾನ್ವೆರಾ ಕಣ್ಣು ತೆಗೆದು, ಮೊಟ್ಟೆ ಒರೆಸಲು ಬಗ್ಗಿದಳು.